ಐದಡಿ ನೆರಳು

ಮುನಿರತ್ನಮ್ಮನ ಕಾಲಿಗೆ ಧೂಳು ಹತ್ತಿರಲಿಲ್ಲ. ವಕೀಲರ ಮನೆಯ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಅಂಜಮ್ಮ ಮೊದಲು ನೋಡಿದ್ದು ಅದನ್ನೇ. ತನ್ನ ಪಾದ ಯಾವುದು ನೆಲ ಯಾವುದು ಎಂದು ತಿಳಿಯದಷ್ಟು ಕೆಂಪಾಗಿತ್ತು. ಊರಿನಿಂದ ಬಂಗಾರಪೇಟೆಗೆ ಎರಡು ಹರದಾರಿ ನಡೆದು ಬಂದ ಕಾಲು. ಮುನಿರತ್ನಮ್ಮನಾದರೆ ಚಿನ್ನದ ಗಣಿಯ ಕೋರಮಂಡಲ್‌ನಿಂದ ರೈಲಿನಲ್ಲಿ ಬಂದವಳು. ಗಂಡ ಕೋದಂಡಪ್ಪನ ಕೈಗೆ ಆಂಡರ್ಸನ್‌ಪೇಟೆಯ ಪೆರುಮಾಳ್ ಎಂಬುವನು ಎಣ್ಣೆ ಹಾಕಿ ನೀವುತ್ತಾನೆಂದು ಹದಿನೈದು ದಿನದಿಂದ ಇಬ್ಬರೂ ಅಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದರು. ಆ ಕೈ ಮುರಿದವನು ಅಂಜಮ್ಮನ ಗಂಡ ಚಿಕ್ಕವೆಂಕಟಪ್ಪ. ಅದಕ್ಕಾಗಿ ಅವನಿಗೆ ಒಂದೂವರೆ ವರ್ಷ ಸಜೆಯಾಗಿತ್ತು. ಅಪೀಲು ಹಾಕಿ, ಜಾಮೀನಿನ ಮೇಲೆ ಹೊರಗಿದ್ದ. ಇವತ್ತು ಕೋದಂಡಪ್ಪ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಸಜೆ ಹೋಗುತ್ತದೆ, ಒತ್ತದಿದ್ದರೆ ಸೋಮವಾರ ದೊಡ್ಡ ಕೋರ್ಟಿನಲ್ಲಿ ಅಪೀಲು ಬಿದ್ದುಹೋಗುತ್ತದೆ, ಅಲ್ಲಿಂದ ನೇರ ಜೈಲು, ಎಂದು ವಕೀಲರು ಹೇಳಿ ಕಳಿಸಿದ್ದರು. ಅಂಜಮ್ಮ ಇದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹಿಡಿದುಕೊಂಡೇ ಬಂದಿದ್ದಳು. ಈಗ ಆ ಸ್ವಚ್ಛವಾದ ಪಾದಗಳನ್ನೂ ಅವುಗಳ ಬೆಳ್ಳಿ ಕಾಲುಂಗುರವನ್ನೂ ನೋಡುತ್ತ ನಿಂತಾಗ ಸಜೆ, ಅಪೀಲು, ಸೋಮವಾರ ಎಲ್ಲವೂ ಎಲ್ಲೋ ದೂರ ಹೋಗಿ, ಮುಖ ತೊಳೆದುಕೊಂಡು ಬರಬೇಕಿತ್ತು ಎಂಬುದೊಂದೇ ಉಳಿಯಿತು.

"ಬಂದ್ರಾ ಅತ್ತೆ? ನಡ್ಕೊಂಡೇ ಬಂದ್ರಾ? ಅಯ್ಯೋ, ಈ ಬಿಸ್ಲಾಗೆ," ಎಂದಳು ಮುನಿರತ್ನಮ್ಮ. ಅವಳು ಅಂಜಮ್ಮನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಆದರೆ ಚಿಕ್ಕವೆಂಕಟಪ್ಪನ ಸ್ವಂತ ಅಕ್ಕನ ಮಗಳಾದ್ದರಿಂದ ಅವನು ಮಾವ, ಅವನ ಹೆಂಡತಿ ಅತ್ತೆ. ಮದುವೆಯಾಗಿ ಮುಳಬಾಗಿಲ ಕಡೆಯಿಂದ ಬಂದ ಮೊದಲನೆಯ ದಿನವೇ ಹದಿನಾರು ವರ್ಷದ ಅಂಜಮ್ಮನನ್ನು ಹದಿನೆಂಟು ವರ್ಷದ ಆ ಹೆಂಗಸು ಬಾಗಿಲಲ್ಲಿ ನಿಂತು "ಬನ್ನಿ ಅತ್ತೆ" ಎಂದು ಕರೆದಿದ್ದಳು, ನೆರೆದಿದ್ದವರೆಲ್ಲ ನಕ್ಕಿದ್ದರು. ಅಕ್ಕನ ಮಗಳೆಂದರೆ ಅವನಿಗೇ ಸಲ್ಲಬೇಕಾದ ಹೆಣ್ಣು. ಅಕ್ಕ ಸತ್ತು, ಭಾವ ಇನ್ನೊಂದು ಮದುವೆ ಮಾಡಿಕೊಂಡು, ಆ ಹೊಸ ಹೆಂಡತಿಯ ಮಾತಿಗೆ ಮಗಳನ್ನು ಪಕ್ಕದ ಹೊಲದ ಕೋದಂಡಪ್ಪನಿಗೆ ಕೊಟ್ಟುಬಿಟ್ಟಿದ್ದ. ಇದನ್ನು ಅಂಜಮ್ಮನಿಗೆ ಯಾರೂ ಕೂತು ಹೇಳಲಿಲ್ಲ. ಗಂಡನ ತಾಯಿ ಅಕ್ಕಯ್ಯಮ್ಮ ರಾಗಿ ಬೀಸುವಾಗ, ಹಸು ಕರೆಯುವಾಗ, ಚೂರು ಚೂರಾಗಿ ಉದುರಿಸಿದ್ದನ್ನು ಅವಳೇ ಹೆಕ್ಕಿ ಜೋಡಿಸಿಕೊಂಡಿದ್ದಳು. "ನನ್ ಮೊಮ್ಮಗ್ಳ ಕೈ ಅಂಬ್ಲಿ ಕುಡ್ದು ಬೆಳ್ದೋನು ಅವ್ನು, ನಿನ್ ಕೈದು ಸೇರಲ್ಲ," ಎಂದು ಮುದುಕಿ ಒಂದು ದಿನ ಯಾವ ಸಿಟ್ಟೂ ಇಲ್ಲದೆ ಹೇಳಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಮರೆಯಬಹುದಿತ್ತು.

ಗುಮಾಸ್ತ ಕುಪ್ಪುಸ್ವಾಮಿ ಬಾಗಿಲಿಗೆ ಬಂದು ಇಣುಕಿದ. ಮುನಿರತ್ನಮ್ಮನನ್ನು ಕಂಡು, "ಎನ್ನಮ್ಮಾ, ಸೌಖ್ಯಮಾ?" ಎಂದ. ಅವಳು ತಮಿಳಿನಲ್ಲೇ ಏನೋ ಉತ್ತರ ಕೊಟ್ಟಳು. ಬದನೆಕಾಯಿ, ಸೊಪ್ಪು ಹೊತ್ತು ಗಣಿ ಕೂಲಿಗಳ ಲೈನುಗಳಲ್ಲಿ ಮಾರುತ್ತ ಕಲಿತ ತಮಿಳು. ಕುಪ್ಪುಸ್ವಾಮಿ ಗಟ್ಟಿಯಾಗಿ ನಕ್ಕ. ಜಗಲಿಯ ಇನ್ನೊಂದು ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಚಿಕ್ಕವೆಂಕಟಪ್ಪನೂ ನಕ್ಕ. ಅವನಿಗೆ ತಮಿಳು ಅಷ್ಟಕ್ಕಷ್ಟೇ. ಏನೆಂದು ತಿಳಿದು ನಕ್ಕನೋ, ಅವಳು ಅಂದಳೆಂದು ನಕ್ಕನೋ. ಆ ಹೊಡೆದಾಟವಾದ ಎಂಟು ತಿಂಗಳಲ್ಲಿ ಮನೆಯಲ್ಲಿ ಅವನು ನಕ್ಕಿದ್ದನ್ನು ಅಂಜಮ್ಮ ಕಂಡಿರಲಿಲ್ಲ. ಕೋದಂಡಪ್ಪ ಮಾತ್ರ ನಗಲಿಲ್ಲ. ಅವನು ಬಲಗೈಯನ್ನು ಎದೆಗೆ ಒತ್ತಿಕೊಂಡು, ಎದುರು ಗೋಡೆಯ ಮೇಲೆ ಹರಿಯುತ್ತಿದ್ದ ಇರುವೆ ಸಾಲನ್ನು ನೋಡುತ್ತಿದ್ದ. ಅವನ ನೋಟವೂ ಒಂದು ಸಲ ಚಿಕ್ಕವೆಂಕಟಪ್ಪನ ನಗುವಿಗೆ ಹೋಗಿ ಅವಸರದಿಂದ ವಾಪಸು ಬಂದದ್ದು ಅವಳಿಗೆ ಕಂಡಿತು. ತನ್ನ ಒಳಗಿನದನ್ನು ಇನ್ನೊಬ್ಬರ ಮುಖದ ಮೇಲೆ ನೋಡಿದ ಹಾಗಾಯಿತು.

ಆ ಕೈ ನೆಟ್ಟಗಾಗಲಿಲ್ಲ. ಮಣಿಕಟ್ಟಿನ ಹತ್ತಿರ ಒಳಕ್ಕೆ ತಿರುಗಿ ನಿಂತುಬಿಟ್ಟಿದೆ. ಮುದ್ದೆ ಮುರಿದು ಬಾಯಿಗೆ ತರಲಾರ. ಹಬ್ಬದ ದಿನ ಬೇಲಿಯ ಸಂದಿಯಿಂದ ಅಂಜಮ್ಮ ನೋಡಿದ್ದಳು: ಮುನಿರತ್ನಮ್ಮ ಮುದ್ದೆಯನ್ನು ಸಣ್ಣ ಸಣ್ಣದಾಗಿ ಮುರಿದು, ಸಾರಿನಲ್ಲಿ ಅದ್ದಿ, ಗಂಡನ ಬಾಯಿಗೆ ಇಡುತ್ತಿದ್ದಳು. ಅವನು ಮಗುವಿನ ಹಾಗೆ ನುಂಗುತ್ತಿದ್ದ. ನೋಡಿದರೆ ಕರುಳು ಚುರ್ ಎನ್ನಬೇಕಿತ್ತು. ಆ ಕೈ ಹಾಗಾಗಲು ಕಾರಣ ತಾನು ಎಂದು ಬಲ್ಲವಳು ಅವಳೊಬ್ಬಳೇ. ಬೇಲಿ ದಾಟಿ ಹೋಗಿ ಕಾಲು ಹಿಡಿಯಬೇಕಿತ್ತು. ಅದರ ಬದಲು ಅವಳಿಗನ್ನಿಸಿದ್ದು, ನನ್ನ ಗಂಡ ಎಂದೂ ನನ್ನ ಕೈಯಿಂದ ಒಂದು ತುತ್ತು ತಿಂದಿಲ್ಲವಲ್ಲ ಎಂದು. ಆ ಮುರಿದ ಕೈಯೂ ಮುನಿರತ್ನಮ್ಮನಿಗೊಂದು ಸಿರಿ ಎಂದೇ ಕಂಡಿತ್ತು.

ಎರಡೂ ಹೊಲಕ್ಕೆ ಎತ್ತು ಕಟ್ಟಿ ನೀರೆತ್ತುವ ಒಂದೇ ಕಪಿಲೆ ಬಾವಿ. ಒಬ್ಬರ ಎತ್ತು ಬಿಟ್ಟ ಮೇಲೆ ಇನ್ನೊಬ್ಬರದು ಕಟ್ಟಬೇಕು. ಬೆಳಗಿನ ಸರದಿ ಒಂದು ಮನೆಗಾದರೆ ಇಳಿಹೊತ್ತಿನದು ಇನ್ನೊಂದಕ್ಕೆ, ಮಾರನೆಯ ದಿನ ಅದಲುಬದಲು. ಸರದಿ ಬದಲಾಗುವುದು ಮಧ್ಯಾಹ್ನ ದಾಟಿ ನೆರಳು ಐದಡಿ ಆದಾಗ. ಬಯಲಲ್ಲಿ ನೆಟ್ಟಗೆ ನಿಂತು, ತಲೆಯ ನೆರಳು ಎಲ್ಲಿಗೆ ಬಿತ್ತೋ ಅಲ್ಲಿ ಒಂದು ಗಿಡವನ್ನೋ ಕಲ್ಲನ್ನೋ ಕಣ್ಣಲ್ಲಿ ಗುರುತು ಹಿಡಿದು, ಹಿಮ್ಮಡಿಗೆ ಬೆರಳು ತಾಗಿಸಿ ಅಡಿ ಅಡಿ ಇಡುತ್ತ ಅಲ್ಲಿಯವರೆಗೆ ಹೋಗಬೇಕು. ಕುಳ್ಳನಾದರೂ ಎತ್ತರದವನಾದರೂ ತನ್ನ ನೆರಳನ್ನು ತನ್ನ ಪಾದದಲ್ಲೇ ಅಳೆಯುವುದರಿಂದ ಲೆಕ್ಕ ಹೆಚ್ಚು ಕಡಿಮೆಯಾಗುವುದಿಲ್ಲ. ಗಂಡಸರು ರುಮಾಲು ತೆಗೆದಿಡಬೇಕು. ಹೆಂಗಸರ ತಲೆಯ ಮೇಲೆ ಗಡಿಗೆಯಾಗಲಿ ಮಂಕರಿಯಾಗಲಿ ಇರಕೂಡದು. ಸರದಿ ಬರಬೇಕಾದ ಮನೆಯವರು ಅಳೆಯಬೇಕು, ಬಿಟ್ಟುಕೊಡಬೇಕಾದ ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು. ಚಾಂಪಿಯನ್ ಕಡೆಯ ಗಣಿಯ ಸೀಟಿಯ ಕೂಗನ್ನೇ ಲೆಕ್ಕ ಇಟ್ಟುಕೊಳ್ಳೋಣ ಎಂದು ಕೋದಂಡಪ್ಪ ಒಮ್ಮೆ ಹೇಳಿದ್ದನಂತೆ. ಗಾಳಿ ತಿರುಗಿದ ದಿನ ಕೂಗು ಕೇಳಿಸುವುದಿಲ್ಲ, ನೆರಳಾದರೆ ಯಾವ ಕಡೆಗೂ ಸೇರಿದ್ದಲ್ಲ ಎಂದು ಹಿರಿಯರು ಒಪ್ಪಿರಲಿಲ್ಲ.

ಕೈ ಮುರಿದ ದಿನ ಬೆಳಗಿನ ಸರದಿ ಕೋದಂಡಪ್ಪನದು. ಅಂಜಮ್ಮ ಅಂಬಲಿಯ ಗಡಿಗೆ ಹೊತ್ತು ಹೊಲಕ್ಕೆ ಬಂದಾಗ ಅವನು ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಜಾರಿಗೆ ಹೊಡೆಯುತ್ತ ಹಾಡು ಹೇಳುತ್ತಿದ್ದ. ಹೊಂಗೆ ಮರದ ಕೆಳಗೆ ಚಿಕ್ಕವೆಂಕಟಪ್ಪ ಕೂತಿದ್ದ. ಎದುರಿಗೆ ಮುನಿರತ್ನಮ್ಮ, ಖಾಲಿ ಮಂಕರಿ ಪಕ್ಕಕ್ಕಿಟ್ಟುಕೊಂಡು, ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೈತುಂಬ ಆಂಡರ್ಸನ್‌ಪೇಟೆಯ ಹೊಸ ಹಸಿರು ಬಳೆ. ಏನೋ ಅಂದಳು, ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಎಲೆಯನ್ನು ಮಡಿಸಿ ಕೊಟ್ಟಳು, ಅವನು ತೆಗೆದುಕೊಂಡ. ಅಷ್ಟೇ. ಅಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ, ಮಾವ ಸೊಸೆ ಮಾತಾಡಬಾರದೇ? ಹೀಗೆ ಅವಳೇ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಆದರೆ ಅವನು ಆ ಎಲೆಯನ್ನು ಬಾಯಿಗೆ ಹಾಕುವ ಮುಂಚೆ ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಅದೊಂದು ಗಳಿಗೆಯನ್ನು ಮಾತ್ರ ಅವಳಿಗೆ ಏನೆಂದೂ ಹೇಳಿ ಕಳೆದುಕೊಳ್ಳಲಾಗಿರಲಿಲ್ಲ. ಅವಳು ಬಯಲಲ್ಲಿ ನಿಂತಳು. ಗಡಿಗೆಯ ಬಾಯಿಯ ನೆರಳು ತಂಗಡಿ ಗಿಡದ ಬುಡಕ್ಕೆ ಬಿದ್ದಿತ್ತು. ಗಡಿಗೆ ಇಳಿಸಲಿಲ್ಲ. ಮರೆತಳೋ? ಒಂದು, ಎರಡು ಎಂದು ಅಡಿ ಇಡುವಾಗ ಕತ್ತಿನ ಮೇಲೆ ಅಂಬಲಿಯ ಭಾರವಿತ್ತು, ಅದು ತುಳುಕಿ ಕಿವಿಯ ಹಿಂದೆ ತಣ್ಣಗೆ ಇಳಿಯಿತು. ಮರೆತವಳಿಗೆ ಅದು ತಿಳಿಯುತ್ತಿರಲಿಲ್ಲ. ಐದನೆಯ ಅಡಿ ಗಿಡದ ಬುಡಕ್ಕೆ ಸರಿಯಾಗಿ ಹೋಯಿತು. ಗಡಿಗೆ ಇಳಿಸಿದ್ದರೆ ನಾಲ್ಕೇ.

"ಐದಡಿ ಆಯ್ತು. ಇನ್ನೂ ಅವರ ಎತ್ತು ಬಿಟ್ಟಿಲ್ಲ," ಎಂದಳು ಮರದ ಹತ್ತಿರ ಹೋಗಿ. ಅವನು ಏಳಬೇಕಾಗಿತ್ತು, ಆ ನೆರಳಿನಿಂದ ಎದ್ದು ಬಂದರೆ ಸಾಕಾಗಿತ್ತು. ಎದ್ದ. ಗುದ್ದಲಿ ಹಿಡಿದು ಹೋಗಿ ಕೋದಂಡಪ್ಪನ ಎತ್ತುಗಳ ಕಣ್ಣಿ ಬಿಚ್ಚಿದ. ನೀರು ತುಂಬಿದ ಬಾನಿ ರಪ್ಪನೆ ಬಾವಿಗೆ ಬಿತ್ತು. "ಲೇ ಮಾವ, ಕಣ್ ಕಾಣಾಕಿಲ್ವೇನ್ಲಾ, ನೆಳ್ಳು ಎಲ್ಲೈತೆ ನೋಡು," ಎಂದು ಕೋದಂಡಪ್ಪ ಇಳಿದು ಬಂದ. "ನೀರ್ಗಳ್ಳ," ಎಂದ ಅವಳ ಗಂಡ. ಆಮೇಲೆ ಗುದ್ದಲಿ ತಿರುಗಿತು. ಕಾವಿನಲ್ಲಿ ಹೊಡೆದ, ಅಲಗಿನಲ್ಲಲ್ಲ. ಕೋರ್ಟಿನಲ್ಲಿ ವಕೀಲರು ಅದನ್ನೇ ಎರಡು ದಿನ ಹೇಳಿದರು. ಅಂಜಮ್ಮನಿಗೆ ನೆನಪಿರುವುದು ಶಬ್ದ. ಒಣ ಸೌದೆ ಮುರಿದ ಹಾಗೆ ಕೇಳಿಸಿತ್ತು. ಅದಾದ ಮೇಲೆ ಬಂದ ಭಯದ ಒಳಗೆ ಇನ್ನೊಂದು ಇತ್ತು, ಅದನ್ನು ಯಾರ ಮುಂದೂ ಆಡಲಾರಳು: ನಾನು ಅಂದದ್ದಕ್ಕೆ ಹೊಡೆದ. ನನ್ನ ಒಂದು ಮಾತಿಗೆ. ಮದುವೆಯಾಗಿ ಆರು ವರ್ಷದಲ್ಲಿ ಅವಳು ಹೇಳಿದ ಮಾತಿಗೆ ಅವನು ಎದ್ದು ಮಾಡಿದ ಕೆಲಸ ಅದೊಂದೇ. ಪಾಪವೆಂದು ತಿಳಿದೂ ಅದನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಿದ್ದಳು.

ಕೋರ್ಟಿನಲ್ಲಿ ಅವಳನ್ನು ಕಟಕಟೆ ಹತ್ತಿಸಿದ್ದರು. ಧ್ವನಿ ಹೊರಡದೆ ಮ್ಯಾಜಿಸ್ಟ್ರೇಟರು ಎರಡು ಸಲ "ಗಟ್ಟಿಯಾಗಿ" ಎಂದು ಗದರಿದ್ದರು. ಎಷ್ಟು ಅಡಿ? ಐದು. ನೀನೇ ಅಳೆದೆಯಾ? ಹೌದು. ಪೇಟೆಯ ಜನ, ತಲೆಯ ಮೇಲೆ ಏನಿತ್ತು ಎಂದು ಕೇಳಬೇಕೆಂದೇ ಅವರಿಗೆ ಹೊಳೆಯಲಿಲ್ಲ. ಮುನಿರತ್ನಮ್ಮ ಬಂದು, ಇನ್ನೂ ಗಣಿಯ ಕೂಗಾಗಿರಲಿಲ್ಲ ಎಂದಳು, ಅದೂ ಮಾವನ ಮುಖ ನೋಡದೆ, ಅಳುತ್ತ. ತೀರ್ಪಿನಲ್ಲಿ ಅವಳ ಮಾತು ನಿಂತಿತು. ಅಂಜಮ್ಮ ಹೇಳಿದ್ದು ನಂಬತಕ್ಕದ್ದಲ್ಲ ಎಂದು ಬರೆದಿದ್ದಾರೆಂದು ಕುಪ್ಪುಸ್ವಾಮಿ ಓದಿ ಹೇಳಿದ. ತಾನು ಹೇಳಿದ್ದು ಸುಳ್ಳೇ, ಆದರೂ ಮುನಿರತ್ನಮ್ಮನ ಮಾತು ನಿಂತು ತನ್ನದು ಬಿದ್ದದ್ದಕ್ಕೆ ಮೈಯೆಲ್ಲ ಉರಿಯಿತು. ಜಾಮೀನು ಆಗುವ ತನಕ ಹನ್ನೆರಡು ದಿನ ಅವನು ಜೈಲಿನಲ್ಲಿದ್ದ. ಅಲ್ಲಿ ತಾಯಿ ಹೆಂಡತಿ ಬಿಟ್ಟು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮುದುಕಿಗೆ ನಡೆಯಲಾಗುತ್ತಿರಲಿಲ್ಲ. ಅಂಜಮ್ಮ ಮೂರು ಸಲ ಹೋಗಿದ್ದಳು. ಸರಳಿನ ಆಚೆ ಅವನು ಕುಳಿತು ಅವಳು ಕೊಟ್ಟ ರೊಟ್ಟಿಯನ್ನು ಮುರಿದು ತಿನ್ನುತ್ತ, "ಎಮ್ಮೆ ಕರು ಆಕ್ತಾ?" ಎಂದು ಕೇಳಿದ್ದ. "ಒಲ ಉತ್ತುದ್ರಾ?" ಎಂದಿದ್ದ. ನೋಡಲು ಅಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳನ್ನೇ ನೋಡಿದ್ದ.

ಒಳಗಿನಿಂದ ಕರೆ ಬಂತು. ನಾಲ್ಕು ಜನವೂ ಹೋದರು. ವಕೀಲರು ಊಟ ಮುಗಿಸಿ ಎಲೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ಬರೆದು ಸಿದ್ಧವಾದ ಕಾಗದ, ಪಕ್ಕದಲ್ಲಿ ಶಾಯಿಯ ಬಟ್ಟೆ. ಗಂಡಸರು ನಿಂತರು. ಹೆಂಗಸರು ಬಾಗಿಲ ಬಳಿ ಗೋಡೆಗೆ ಒತ್ತಿ ಕೂತರು. ಮುನಿರತ್ನಮ್ಮನ ಸೀರೆಯಿಂದ ಪೇಟೆಯ ಸಾಬೂನಿನ ವಾಸನೆ ಬರುತ್ತಿತ್ತು. ಅಂಜಮ್ಮ ತನ್ನ ಸೆರಗನ್ನು ಮೂಸಿ ನೋಡಬೇಕೆಂದುಕೊಂಡು ಸುಮ್ಮನಾದಳು.

"ನೋಡಪ್ಪ ಕೋದಂಡಪ್ಪ," ಎಂದರು ವಕೀಲರು, "ನಿನ್ನ ಮನೆಯಾಕೆ ಬಂದು ಬಂದು ಹೇಳಿದ್ದಕ್ಕೆ ಇಷ್ಟು ಮಾಡಿದೀನಿ. ಇನ್ನು ಕೊಸರಾಡಬೇಡ. ಎಡಗೈ ಹೆಬ್ಬೆಟ್ಟು ಇಲ್ಲಿ ಒತ್ತು."

ಬಂದು ಬಂದು ಹೇಳಿದ್ದಕ್ಕೆ. ಅಂಜಮ್ಮನಿಗೆ ಅದು ಈಗ ತಿಳಿಯಿತು. ರಾಜಿ ವಕೀಲರ ಯೋಚನೆ ಎಂದುಕೊಂಡಿದ್ದಳು. ಎಷ್ಟು ಸಲ ಬಂದಿದ್ದಳು ಇವಳು? ಸೊಪ್ಪಿನ ಮಂಕರಿ ಹೊತ್ತು ರೈಲು ಇಳಿದು, ಇದೇ ಬಾಗಿಲಿಗೆ ಬಂದು, ನಮ್ಮ ಮಾವನನ್ನು ಉಳಿಸಿ ಎಂದು. ಇವನಿಗೆ ಗೊತ್ತಿತ್ತೇ? ಗಂಡನ ಬೆನ್ನು ನೋಡಿದಳು.

"ಒತ್ತೋಕೆ ನಂದೇನೂ ಇಲ್ಲ ಸ್ವಾಮಿ," ಎಂದ ಕೋದಂಡಪ್ಪ. "ಕೈ ಓಯ್ತು, ಓಗ್ಲಿ. ಊರಾಗೆ ನನ್ನ ನೀರ್ಗಳ್ಳ ಅಂತಾರೆ. ಅದು ಓಗ್ಬೇಕು. ಅವತ್ತು ನೆಳ್ಳು ಐದಡಿ ಆಗಿರ್ಲಿಲ್ಲ, ಅಳ್ದಿದ್ದು ತಪ್ಪು ಅಂತ ಅವ್ರ ಮನೆಯೋರು ಒಂದ್ ಮಾತು ಅನ್ಲಿ. ಇಲ್ಲೇ, ನಿಮ್ ಮುಂದೆ. ಕೋರ್ಟಾಗೆ ಬ್ಯಾಡ. ಒತ್ತಿ ಓಯ್ತೀನಿ."

ವಕೀಲರು ಚಿಕ್ಕವೆಂಕಟಪ್ಪನ ಕಡೆ ನೋಡಿದರು. ಅವನು ನೆಲ ನೋಡುತ್ತ, "ನನ್ ಹೆಂಡ್ತಿ ಅಳ್ದಿದ್ದು ಸರಿ," ಎಂದ.

"ಒಂದು ಮಾತು ಅಂದುಬಿಡಯ್ಯ. ನಿನ್ನ ಗಂಟೇನು ಹೋಗುತ್ತೆ?" ಎಂದರು ವಕೀಲರು.

"ಅಳ್ದಿದ್ದು ಸರಿ."

ಅಂಜಮ್ಮ ತಲೆ ಎತ್ತಿದಳು. ನನಗಾಗಿ ಜೈಲಿಗೆ ಹೋಗುತ್ತಾನೆ. ಇವಳ ಮುಂದೆ, ಇವಳು ಕೇಳುವಂತೆ, ನನ್ನ ಹೆಂಡತಿ ಎಂದ. ಹಾಗೇ ನಿಂತುಬಿಡಲಿ, ಇನ್ನು ಯಾರೂ ಮಾತಾಡದಿರಲಿ ಎನ್ನಿಸಿತು. ತಾನು ಬಾಯಿ ಬಿಟ್ಟರೆ ಅವನು ಉಳಿಯುತ್ತಾನೆ ಎಂಬುದೂ ಅದರ ಜೊತೆಗೇ, ಮುಳ್ಳಿನ ಹಾಗೆ, ಅಲ್ಲೇ ಇತ್ತು. ಕೋದಂಡಪ್ಪ ಬಾಗಿಲ ಕಡೆ ತಿರುಗಿದ. ಕುಪ್ಪುಸ್ವಾಮಿ ಕಾಗದ ಮಡಿಸತೊಡಗಿದ.

ಆಗ ಮುನಿರತ್ನಮ್ಮ ಎದ್ದು ನಿಂತಳು. ಬಳೆ ಸದ್ದಾಯಿತು.

"ತಪ್ಪು ನಂದು," ಎಂದಳು. ಗಂಡನಿಗೆ ಹೇಳಿದರೂ ಕೋಣೆಗೆಲ್ಲ ಕೇಳಿಸುವಂತಿತ್ತು. "ಬಿಡೋ ಮನೆಯೋರು ನಿಂತು ನೋಡ್ಬೇಕು. ನಾನು ನೋಡ್ಲಿಲ್ಲ, ಎಲೆ ಮಡಿಸ್ತಾ ಕೂತಿದ್ದೆ. ನೋಡಿದ್ರೆ ಆಗ್ಲೇ ಅಂತಿದ್ದೆ. ಪಾಪ, ಅತ್ತೆಗೇನ್ ಗೊತ್ತು? ಅವ್ರ ಊರಾಗೆ ಕೆರೆ ನೀರು. ನೆಳ್ಳು ಅಳ್ಯೋದು ಅವ್ರಿಗೆ ಬರಾಕಿಲ್ಲ. ಬರ್ದೆ ತಪ್ ಅಳ್ದವ್ರೆ. ಮನಸ್ನಾಗೆ ಏನೂ ಇಟ್ಕೊಂಡು ಮಾಡಿಲ್ಲ. ಕಲಿಸ್ಬೇಕಾದೋಳು ನಾನು, ಕಲಿಸ್ಲಿಲ್ಲ."

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ನೋಡನೋಡುತ್ತ ಕೋಣೆಯೇ ಹಗುರಾದಂತಾಯಿತು. ವಕೀಲರು, "ಅದೇ ನಾನೂ ಹೇಳೋದು, ತಿಳಿಯದೆ ಆದ ತಪ್ಪು," ಎಂದರು. ಕುಪ್ಪುಸ್ವಾಮಿ ಕಾಗದ ಬಿಡಿಸಿ ಹರಡಿದ. "ತಿಳೀದೆ ಆಗಿದ್ರೆ ಸರಿ," ಎಂದು ಕೋದಂಡಪ್ಪ ಮೇಜಿನ ಹತ್ತಿರ ಬಂದ. ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿದ. ಚಿಕ್ಕವೆಂಕಟಪ್ಪ ತಲೆ ಎತ್ತಿ ಮುನಿರತ್ನಮ್ಮನನ್ನು ನೋಡಿದ. ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ್ದನಲ್ಲ, ಹಾಗೆ. ಮುನಿರತ್ನಮ್ಮ ಕೂತು, ಅಂಜಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ, "ಏನೂ ಎದ್ರುಕೋಬ್ಯಾಡಿ ಅತ್ತೆ, ಮುಗೀತು," ಎಂದಳು. ಆ ಕೈ ಬೆಚ್ಚಗಿತ್ತು. ಅದರಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಅಂಜಮ್ಮ ಸುಮ್ಮನಿರುತ್ತಿದ್ದಳು.

"ಗೊತ್ತಿತ್ತು," ಎಂದಳು.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, ಮ್ಯಾಜಿಸ್ಟ್ರೇಟರು ಗದರಿದ್ದನ್ನು ನೆನೆದು, ಗಟ್ಟಿಯಾಗಿ ಅಂದಳು. "ನಂಗೆ ಅಳ್ಯೋಕೆ ಬತ್ತದೆ. ತಲೆ ಮ್ಯಾಲೆ ಗಡಿಗೆ ಇತ್ತು. ಗೊತ್ತಿದ್ದೇ ಇಳಿಸ್ಲಿಲ್ಲ. ಇಳಿಸಿದ್ರೆ ನಾಲ್ಕೇ ಅಡಿ."

ಇದು ಸತ್ಯ, ಎಂಟು ತಿಂಗಳು ಗಂಟಲಲ್ಲಿದ್ದದ್ದು. ಆದರೆ ಸತ್ಯಕ್ಕಾಗಿ ಆಡಿದ ಮಾತಲ್ಲ ಎಂದು ಆಡುವಾಗಲೇ ಅವಳಿಗೆ ತಿಳಿದಿತ್ತು. ಆ ಬೆಚ್ಚಗಿನ ಕೈ ಮೊಣಕಾಲಿನಿಂದ ಹೋಗಬೇಕಾಗಿತ್ತು. ಹೋಯಿತು. ವಕೀಲರು ಕುರ್ಚಿ ಹಿಂದಕ್ಕೆ ತಳ್ಳಿ, "ಏನಮ್ಮ, ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಹೇಳಿದವಳು ನೀನು! ಕುಪ್ಪುಸ್ವಾಮಿ, ಬಾಗಿಲು ಹಾಕು. ಇದು ನನ್ನ ಕಿವಿಗೆ ಬಿದ್ದಿಲ್ಲ, ತಿಳೀತಾ?" ಎಂದರು. ಕೋದಂಡಪ್ಪ ಶಾಯಿ ಹತ್ತಿದ ಹೆಬ್ಬೆಟ್ಟನ್ನು ಗಾಳಿಯಲ್ಲಿ ಹಿಡಿದುಕೊಂಡೇ ಅವಳ ಕಡೆಗೆ ಎರಡು ಹೆಜ್ಜೆ ಬಂದ. "ಬೇಕಂತ್ಲೇ ಮಾಡಿದ್ಯಾ? ಬೇಕಂತ್ಲೇ?"

"ಅವಳ ಮ್ಯಾಲೆ ಆರಾಡ್ಬ್ಯಾಡ," ಎಂದ ಚಿಕ್ಕವೆಂಕಟಪ್ಪ. ಅವನ ಧ್ವನಿ ದಣಿದಿತ್ತು, ಹೊರೆ ಇಳಿಸಿದವನ ಧ್ವನಿಯ ಹಾಗೆ. "ಗಡಿಗೆ ನಾನೂ ಕಂಡಿದ್ದೆ. ಅವಳು ಅಳ್ಯೋದು ನೋಡ್ತಿದ್ದೆ. ಐದಡಿ ಆಗಿಲ್ಲ ಅಂತ ನಂಗೂ ಗೊತ್ತಿತ್ತು."

ನೋಡುತ್ತಿದ್ದ. ಅವತ್ತು, ಹೊಂಗೆಯ ಕೆಳಗೆ, ಆ ಬಳೆಗಳ ಎದುರಿಗೆ ಕೂತು, ಅವನು ನನ್ನನ್ನು ನೋಡುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು ಅವಳು ಆ ಮಾತನ್ನು ಹಿಡಿದುಕೊಂಡಳು. ಆಮೇಲೆ ಉಳಿದದ್ದು ಬಂತು. ಗೊತ್ತಿತ್ತು. ಗೊತ್ತಿದ್ದೂ ಎದ್ದ.

"ಗೊತ್ತಿದ್ದೂ ಬಂದ್ಯಾ?" ಎಂದ ಕೋದಂಡಪ್ಪ. ಕೂಗಲಿಲ್ಲ. "ನೀರಿಗಲ್ದೆ ಇನ್ ಯಾತಕ್ಕೋ ಬಂದೆ, ಚಿಕ್ಕೆಂಕಟಾ?"

ಚಿಕ್ಕವೆಂಕಟಪ್ಪನ ಕಣ್ಣು ಕೇಳಿದವನ ಕಡೆ ಹೋಗಲಿಲ್ಲ, ಅಂಜಮ್ಮನ ಕಡೆಯೂ ಬರಲಿಲ್ಲ. ಗೋಡೆಗೆ ಒತ್ತಿ ಕೂತವಳ ಕಡೆ ಹೋಗಿ, ಅಲ್ಲಿ ನಿಂತು, ಕೆಳಗೆ ಬಿತ್ತು. 'ಅಯ್ಯೋ ಮಾವ' ಎನ್ನಬಹುದಾಗಿದ್ದ ಮುನಿರತ್ನಮ್ಮ ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಿದ್ದಳು. ಅಂಜಮ್ಮ ಎಲ್ಲವನ್ನೂ ನೋಡಿದಳು. ಹಾಗಾದರೆ ಆ ಹೊಡೆತ ತನ್ನದಲ್ಲ. ತನ್ನ ಮಾತು ಬರಿಯ ನೆಪ, ಯಾವ ಮಾತಾದರೂ ಆಗುತ್ತಿತ್ತು. ಗಂಡನಿಗೆ ಸಲ್ಲಬೇಕಾದವಳನ್ನು ಕಟ್ಟಿಕೊಂಡು ಹಗ್ಗದ ಮೇಲೆ ಕೂತು ಹಾಡುತ್ತಿದ್ದವನನ್ನು ಅವನು ಹೊಡೆದದ್ದು. ಎಂಟು ತಿಂಗಳು ತನ್ನದೆಂದು ಹೊತ್ತುಕೊಂಡು ತಿರುಗಿದ ಪಾಪವೂ ಇವಳದೇ. ನಿದ್ದೆಗೆಟ್ಟದ್ದು, ದೇವರ ಮುಂದೆ ಕೈ ಮುಗಿಯಲು ಹೆದರಿದ್ದು, ಎಲ್ಲವೂ ಇವಳ ಮನೆಯ ಚಾಕರಿ. ತಪ್ಪಿಲ್ಲವೆಂದು ತಿಳಿದಾಗ ಹಗುರಾಗಬೇಕು. ಅವಳಿಗೆ ಕೈಯಲ್ಲಿದ್ದ ಕೊನೆಯದನ್ನೂ ಕಿತ್ತುಕೊಂಡ ಹಾಗಾಯಿತು.

ಕೋದಂಡಪ್ಪ ಇಬ್ಬರನ್ನೂ ನೋಡಿ ಮುಗಿಸಿ, ನಿಧಾನವಾಗಿ ಅಂಜಮ್ಮನ ಕಡೆ ತಿರುಗಿದ. ಅವನ ಮುಖದಲ್ಲಿ ಅವಳ ಮೇಲಿನ ಸಿಟ್ಟು ಉಳಿದಿರಲಿಲ್ಲ. ಇಬ್ಬರೇ ಒಂದು ಕಡೆಯವರು ಎನ್ನುವ ಹಾಗೆ ಕೇಳಿದ: "ನೀನೇ ಅನ್ನು ಅತ್ತೆ. ಒತ್ಲಾ, ಬ್ಯಾಡ್ವಾ?"

ಅವನು ಅವಳನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು. ವಕೀಲರು "ಇದೇನಯ್ಯ ಹುಡುಗಾಟ" ಎಂದದ್ದು, ಹೊರಗೆ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಗಿದ್ದು ಕೇಳಿಸಿತು.

"ಬ್ಯಾಡ," ಎಂದಳು ಅಂಜಮ್ಮ.

ಚಿಕ್ಕವೆಂಕಟಪ್ಪ ತಿರುಗಿ ನೋಡಿದ. ಮುನಿರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಮ್ಮೆಲೇ ಅತ್ತುಬಿಟ್ಟಳು. ಕೋದಂಡಪ್ಪ ಹೆಂಡತಿ ಅಳುವುದನ್ನು ನಿಂತು ನೋಡಿದ. ಎಲ್ಲರೂ ಅವನು ಹೊರಟ ಎಂದುಕೊಂಡಾಗ ಅವನು ಮೇಜಿಗೆ ಹೋಗಿ, ಕಾಗದದ ಮೇಲೆ ಹೆಬ್ಬೆಟ್ಟನ್ನು ಒತ್ತಿ, ಎತ್ತಿ, ಗುರುತು ಮೂಡಿದೆಯೇ ಎಂದು ಬಗ್ಗಿ ನೋಡಿದ.

"ಅವ್ನು ಒಳಗೆ ಓದ್ರೆ ಇವ್ಳು ದಿನಾ ಇಂಗೇ ಅತ್ಗೊಂಡು ಕೂತ್ಕೋತಾಳೆ," ಎಂದ, ಅಂಜಮ್ಮನಿಗೊಬ್ಬಳಿಗೇ ಸಮಾಧಾನ ಹೇಳುವವನಂತೆ. "ಅದನ್ನ ನೋಡಾಕೆ ನನ್ ಕೈಲಾಗಾಕಿಲ್ಲ." ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡು, ಹೆಂಡತಿಗೆ "ಎದ್ದೇಳು, ರೈಲಿಗೆ ಒತ್ತಾಯ್ತು," ಎಂದ.

ಸೋಮವಾರ ಕಾಗದ ಕೊಡುತ್ತೇನೆ, ಇಂಥದಕ್ಕೆ ಜಡ್ಜಿಗಳು ಇಲ್ಲವೆನ್ನುವುದಿಲ್ಲ, ಮೊದಲು ಎಲ್ಲರೂ ಇಲ್ಲಿಂದ ಹೊರಡಿ ಎಂದರು ವಕೀಲರು. ಕುಪ್ಪುಸ್ವಾಮಿ ಬಾಗಿಲು ತೆಗೆದ. ಗಂಡ ಹೆಂಡಿರಿಬ್ಬರೂ ಸ್ಟೇಷನ್ನಿನ ಕಡೆ ಹೋದರು. ಮುನಿರತ್ನಮ್ಮ ಹೋಗಿಬರುತ್ತೇನೆ ಎನ್ನಲಿಲ್ಲ. ಅಂಜಮ್ಮ ಜಗಲಿ ಇಳಿದು ಬಿಸಿಲಿಗೆ ಬಂದಳು. ಆಡಿದ ಮಾತು ಕಿವಿಯಲ್ಲೇ ಇತ್ತು. ಗಂಡ ಬಿಡುಗಡೆಯಾದ, ಬಿಡಬೇಡ ಎಂದವಳು ಅವನ ಜೊತೆಯಲ್ಲಿ ಮನೆಗೆ ಹೋಗಬೇಕು, ಒಲೆ ಹಚ್ಚಬೇಕು, ಮುದುಕಿ ಏನಾಯಿತೆಂದು ಕೇಳುತ್ತಾಳೆ. ಒಂದು ಏಟು ಬೀಳಬಹುದೆಂದು ಕತ್ತು ತಗ್ಗಿಸಿ ಕಾದಳು. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಪೇಟೆ ದಾಟಿ ಇಬ್ಬರೂ ಕೆರೆಯ ಏರಿಗೆ ಬಂದರು.

ಯಾವತ್ತೂ ಅವನು ಮುಂದೆ, ಹತ್ತು ಮಾರು ಮುಂದೆ. ಅವಳಿಗೆ ಗೊತ್ತಿದ್ದದ್ದು ಅವನ ಬೆನ್ನು, ರುಮಾಲಿನ ತುದಿ, ಹಿಮ್ಮಡಿಯ ಬಿರುಕು. ಏರಿಯ ಮೇಲೆ ಅವನು ನಿಂತ. ಅವಳೂ ನಿಂತಳು. ಅವನು ದಾರಿಯ ಪಕ್ಕಕ್ಕೆ ಸರಿದು, ಹಾದುಹೋಗಲು ಜಾಗ ಬಿಟ್ಟು, ಅವಳ ಮುಖವನ್ನು ನೆಟ್ಟಗೆ, ಗುರುತಿಲ್ಲದವರನ್ನು ಇವರು ಯಾರಿರಬಹುದು ಎಂದು ನೋಡುವ ಹಾಗೆ ನೋಡಿದ.

"ನೀನು ಮುಂದೆ ನಡಿ," ಎಂದ.

ಅವಳು ಮುಂದೆ ನಡೆದಳು. ಅವನಿಗೆ ಇನ್ನು ತನ್ನನ್ನು ಬೆನ್ನ ಹಿಂದೆ ಇಟ್ಟುಕೊಂಡು ನಡೆಯುವ ಧೈರ್ಯವಿಲ್ಲ ಎಂದು ಸ್ವಲ್ಪ ದೂರ ಹೋದ ಮೇಲೆ ತಿಳಿಯಿತು. ಅವನ ಕಣ್ಣು ತನ್ನ ತುರುಬಿನ ಮೇಲೆ, ಬೆನ್ನಿನ ಮೇಲೆ, ಹೆಜ್ಜೆ ಎತ್ತಿ ಇಡುವ ಹಿಮ್ಮಡಿಯ ಮೇಲೆ ಬಿಡದೆ ಇರುವುದು ನೋಡದೆಯೇ ಗೊತ್ತಾಗುತ್ತಿತ್ತು. ಜಾರಿದ ಸೆರಗನ್ನು ಎಳೆದು ಬೆನ್ನ ಮೇಲೆ ಸರಿಯಾಗಿ ಹೊದ್ದುಕೊಂಡಳು. ಊರು ಇನ್ನೂ ದೂರವಿತ್ತು. ಅವಳು ಹೆಜ್ಜೆಯನ್ನು ನಿಧಾನ ಮಾಡಿದಳು. ಹಿಂದಿನ ಹೆಜ್ಜೆಯೂ ನಿಧಾನವಾಯಿತು.